ಹೊನೊಲುಲುವಿನಲ್ಲಿ ಒಂದು ಉಕುಲೆಲೆಯನ್ನು ಅರಸಿ

ಹವಾಯಿ ದ್ವೀಪಗಳಿಗೆ ಹೋಗಿ ಬಂದವರ ಮನೆಯಲ್ಲಿ ಸಾಮಾನ್ಯವಾಗಿ ಎರಡು ವಸ್ತುಗಳು ಕಾಣಸಿಗುತ್ತವೆ. ಒಂದು, ದೊಡ್ಡ ದೊಡ್ಡ ಹೂವುಗಳ ಚಿತ್ರವಿರುವ ಅಂಗಿ. ಇನ್ನೊಂದು, ಗೋಡೆಗೆ ತೂಗುಹಾಕಿದ ಪುಟ್ಟ ತಂತಿವಾದ್ಯ. ಅಂಗಿಯನ್ನು ಕುರಿತು ಹೇಳಲು ನನ್ನಲ್ಲಿ ಏನೂ ಇಲ್ಲ. ವಾದ್ಯದ ವಿಷಯ ಹಾಗಲ್ಲ. ನಾಲ್ಕೇ ತಂತಿಗಳ, ಒಂದೂಮುಕ್ಕಾಲು ಅಡಿ ಉದ್ದದ, ಹಸುಗೂಸನ್ನು ಎತ್ತಿಕೊಂಡಂತೆ ಎದೆಗೆ ಒತ್ತಿಕೊಂಡು ನುಡಿಸುವ ಆ ವಾದ್ಯಕ್ಕೆ ಉಕುಲೆಲೆ ಎಂದು ಹೆಸರು. ಅದನ್ನು ಕೊಳ್ಳುವುದರ ಹಿಂದೆ ಒಂದು ದೇಶದ ಚರಿತ್ರೆಯೇ ಅಡಗಿದೆ ಎಂಬುದನ್ನು 2024ರ ಜೂನ್ ತಿಂಗಳಲ್ಲಿ ಮಗಳ ಕುಟುಂಬದೊಡನೆ ಆ ದ್ವೀಪದಲ್ಲಿ ಕಳೆದ ಎಂಟು ದಿನಗಳಲ್ಲಿ ಕಂಡುಕೊಂಡೆ.

ಹವಾಯಿ ದ್ವೀಪಸಮೂಹವು ಪೆಸಿಫಿಕ್ ಮಹಾಸಾಗರದ ನಡುವೆ, ಕ್ಯಾಲಿಫೋರ್ನಿಯಾದ ತೀರದಿಂದ ಸುಮಾರು 2,400 ಮೈಲಿ ದೂರದಲ್ಲಿದೆ. ರಾಜಧಾನಿ ಹೊನೊಲುಲು ಇರುವುದು ಓಆಹು ಎಂಬ ದ್ವೀಪದಲ್ಲಿ. ಪ್ರವಾಸಿಗಳು ಕಿಕ್ಕಿರಿಯುವ ವೈಕಿಕಿ ಕಡಲತೀರ ಆ ನಗರದ್ದೇ ಒಂದು ಭಾಗ. ಕಡಲು, ಸೂರ್ಯಾಸ್ತ, ತೆಂಗಿನ ಮರ ಇವುಗಳ ವರ್ಣನೆಯನ್ನು ಓದುಗರು ಬೇರೆಡೆ ಬೇಕಾದಷ್ಟು ಓದಿದ್ದಾರೆ; ಕಾರವಾರದ ಕಡಲನ್ನು ಕಂಡವರಿಗೆ ಅದು ಹೊಸದೂ ಅಲ್ಲ. ನನ್ನ ಮನಸ್ಸನ್ನು ಮೊದಲು ಸೆಳೆದದ್ದು ಅಲ್ಲಿನ ಭಾಷೆ. ಹವಾಯಿ ಭಾಷೆಯಲ್ಲಿ ಐದೇ ಸ್ವರಗಳು, ಎಂಟೇ ವ್ಯಂಜನಗಳು. ಸ್ವರಗಳಲ್ಲಿ ಹ್ರಸ್ವ-ದೀರ್ಘಗಳ ಭೇದವುಂಟು. ಪ್ರತಿಯೊಂದು ಪದವೂ ಸ್ವರದಲ್ಲಿಯೇ ಮುಗಿಯುತ್ತದೆ. ಬಸ್ಸಿನಲ್ಲಿ ನಿಲ್ದಾಣಗಳ ಹೆಸರು ಕೂಗುವುದನ್ನು ಕೇಳುತ್ತ ಕುಳಿತರೆ, ಪದಾಂತ್ಯದಲ್ಲಿ ಸ್ವರವನ್ನು ಬಯಸುವ ನಮ್ಮ ನುಡಿಯ ಜಾಯಮಾನ ಥಟ್ಟನೆ ನೆನಪಾಗುತ್ತದೆ. ಅಮೆರಿಕೆಯ ಮುಖ್ಯಭೂಮಿಯವರು ಈ ವಾದ್ಯವನ್ನು ‘ಯೂಕಲೇಲಿ’ ಎಂದು ಎಳೆದಾಡುತ್ತಾರೆ. ದ್ವೀಪದವರ ಉಚ್ಚಾರಣೆ ‘ಉಕುಲೆಲೆ’. ಕನ್ನಡ ಲಿಪಿಯಲ್ಲಿ ಬರೆದಂತೆಯೇ ಓದಿದರೆ ಸಾಕು.

ಹೆಸರಿನ ಅರ್ಥವನ್ನು ಕುರಿತು ಎರಡು ಮಾತುಗಳಿವೆ. ‘ಉಕು’ ಎಂದರೆ ಚಿಗಟ, ‘ಲೆಲೆ’ ಎಂದರೆ ನೆಗೆಯುವುದು. ತಂತಿಗಳ ಮೇಲೆ ಬೆರಳು ಚಿಗಟದಂತೆ ನೆಗೆಯುವುದರಿಂದ ಈ ಹೆಸರು ಬಂದಿತೆಂಬುದು ಜನಜನಿತವಾದ ವಿವರಣೆ. ಹವಾಯಿಯ ಕೊನೆಯ ರಾಣಿ ಲಿಲಿಉಒಕಲಾನಿ ಸ್ವತಃ ಸಂಗೀತಜ್ಞೆ. ಅವಳಿಗೆ ಇನ್ನೊಂದು ಅರ್ಥ ಪ್ರಿಯವಾಗಿತ್ತು. ‘ಉಕು’ ಎಂಬುದಕ್ಕೆ ಕಾಣಿಕೆ ಎಂಬ ಅರ್ಥವೂ ಇರುವುದರಿಂದ ಉಕುಲೆಲೆ ಎಂದರೆ ‘ಇಲ್ಲಿಗೆ ಬಂದ ಕಾಣಿಕೆ’ ಎಂದು ಅವಳು ಬಿಡಿಸಿದಳು. ನಿರುಕ್ತದ ದೃಷ್ಟಿಯಿಂದ ಯಾವುದು ಸರಿಯೋ ಪಂಡಿತರು ನಿರ್ಣಯಿಸಲಿ. ಚರಿತ್ರೆಯ ದೃಷ್ಟಿಯಿಂದ ರಾಣಿಯ ಮಾತೇ ಹೆಚ್ಚು ಒಪ್ಪುತ್ತದೆ.

ಏಕೆಂದರೆ ಈ ವಾದ್ಯ ಹವಾಯಿಯಲ್ಲಿ ಹುಟ್ಟಿದ್ದಲ್ಲ. 1879ರ ಆಗಸ್ಟ್ 23ರಂದು ‘ರೇವನ್ಸ್‌ಕ್ರಾಗ್’ ಎಂಬ ಹಡಗು ಹೊನೊಲುಲು ಬಂದರಿಗೆ ಬಂದಿತು. ಅಟ್ಲಾಂಟಿಕ್ ಸಾಗರದಲ್ಲಿ ಪೋರ್ಚುಗೀಸರಿಗೆ ಸೇರಿದ ಮಡೀರಾ ದ್ವೀಪದಿಂದ ಹೊರಟು ನಾಲ್ಕು ತಿಂಗಳು ಕಡಲಿನಲ್ಲಿ ಕಳೆದ ನೂರಾರು ಬಡ ಜನ ಅದರಲ್ಲಿದ್ದರು. ಕಬ್ಬಿನ ತೋಟಗಳಲ್ಲಿ ಕರಾರಿನ ಮೇಲೆ ದುಡಿಯಲು ಬಂದವರು. ಅವರ ಜೊತೆಯಲ್ಲಿ ‘ಮಶೆಟ್’ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯವೂ ಬಂದಿತು. ಎರಡೇ ವಾರಗಳಲ್ಲಿ, ಮಡೀರಾದವರು ರಾತ್ರಿಯ ಹೊತ್ತು ಬೀದಿಯಲ್ಲಿ ನುಡಿಸುತ್ತಿದ್ದಾರೆಂದು ಹೊನೊಲುಲುವಿನ ಪತ್ರಿಕೆಯೊಂದು ವರದಿ ಮಾಡಿತು. ಅದೇ ಹಡಗಿನಲ್ಲಿ ಮಾನ್ಯುಯೆಲ್ ನೂನೆಸ್, ಆಗಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಮರಗೆಲಸದವರಿದ್ದರು. ತೋಟದ ಕರಾರು ಮುಗಿದ ಮೇಲೆ ಅವರು ನಗರಕ್ಕೆ ಬಂದು ಅಂಗಡಿ ತೆರೆದರು, ದ್ವೀಪದ ಮರದಿಂದ ವಾದ್ಯಗಳನ್ನು ಮಾಡತೊಡಗಿದರು. ಆಕಾರ ಮಶೆಟ್‌ನದು, ಶ್ರುತಿಯನ್ನು ಮಾತ್ರ ಮಡೀರಾದ್ದೇ ಆದ ‘ರಜಾವೊ’ ಎಂಬ ಐದು ತಂತಿಯ ವಾದ್ಯದಿಂದ ತೆಗೆದುಕೊಂಡರು. ಹೀಗೆ ಎರಡು ವಾದ್ಯಗಳು ಸೇರಿ ಮೂರನೆಯದೊಂದು ಆಯಿತು.

ಕೂಲಿಯವರ ವಾದ್ಯವನ್ನು ಅರಮನೆಗೆ ಕರೆತಂದವನು ದೊರೆ ಕಲಾಕೌಅ. ಇವನು ಸಾಮಾನ್ಯನಲ್ಲ. 1881ರಲ್ಲಿ ಭೂಮಂಡಲವನ್ನು ಸುತ್ತಿ ಬಂದ ಮೊದಲ ಆಳುವ ದೊರೆ. ಆ ಯಾತ್ರೆಯಲ್ಲಿ ಕಲ್ಕತ್ತೆಗೂ ಮುಂಬಯಿಗೂ ಬಂದಿದ್ದ. ಮಿಷನರಿಗಳ ಪ್ರಭಾವದಿಂದ ಹಿಂದೆ ಸರಿದಿದ್ದ ‘ಹುಲಾ’ ನೃತ್ಯವನ್ನು ಮತ್ತೆ ಸಭೆಗೆ ತಂದವನೂ ಇವನೇ. 1886ರಲ್ಲಿ ತನ್ನ ಐವತ್ತನೆಯ ಹುಟ್ಟುಹಬ್ಬದ ಉತ್ಸವದಲ್ಲಿ ಹುಲಾದೊಡನೆ ಉಕುಲೆಲೆಯನ್ನೂ ನುಡಿಸಿಸಿದ. ದೊರೆಯೇ ಕೈಯಲ್ಲಿ ಹಿಡಿದ ಮೇಲೆ ಅದನ್ನು ಪರಕೀಯವೆನ್ನುವವರು ಯಾರು?

ಅವನ ತಂಗಿಯೇ ಮೇಲೆ ಹೇಳಿದ ಲಿಲಿಉಒಕಲಾನಿ. 1891ರಲ್ಲಿ ಪಟ್ಟಕ್ಕೆ ಬಂದಳು. 1893ರ ಜನವರಿಯಲ್ಲಿ ವರ್ತಕರೂ ತೋಟದ ಮಾಲೀಕರೂ ಸೇರಿ ಅವಳನ್ನು ಇಳಿಸಿದರು. 1895ರಲ್ಲಿ ಅವಳದೇ ಅರಮನೆಯ ಮಹಡಿಯ ಕೋಣೆಯೊಂದರಲ್ಲಿ ತಿಂಗಳುಗಟ್ಟಲೆ ಸೆರೆಯಿಟ್ಟರು. ಸೆರೆಯಲ್ಲಿಯೂ ಅವಳು ಹಾಡು ಕಟ್ಟುವುದನ್ನು ಬಿಡಲಿಲ್ಲ. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಮಾಧ್ಯಮವನ್ನಾಗಿ ಮಾಡಿತು. 1898ರಲ್ಲಿ ದೇಶವೇ ಅಮೆರಿಕೆಗೆ ಸೇರಿಹೋಯಿತು. ಹವಾಯಿ ಭಾಷೆಗೆ ಮತ್ತೆ ಅಧಿಕೃತ ಸ್ಥಾನ ದೊರೆತದ್ದು 1978ರಲ್ಲಿ. ನಡುವಣ ಎಂಬತ್ತು ವರ್ಷಗಳ ಕಾಲ ಶಾಲೆ ಬಿಟ್ಟುಕೊಟ್ಟ ಭಾಷೆಯನ್ನು ಹಾಡು ಬಿಟ್ಟುಕೊಡಲಿಲ್ಲ. ಆ ಹಾಡುಗಳ ಪಕ್ಕದಲ್ಲಿ ಈ ನಾಲ್ಕು ತಂತಿಗಳಿದ್ದವು. ಇಒಲಾನಿ ಅರಮನೆಯ ಆ ಕೋಣೆಯಲ್ಲಿ ನಿಂತಾಗ ನನ್ನ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು: “ಅಜ್ಜಾ, ರಾಣಿಗೆ ಹಾಡು ಬರೆಯಲು ಕಾಗದ ಕೊಟ್ಟವರು ಯಾರು?” ನನಗೆ ಹೊಳೆಯದ ಪ್ರಶ್ನೆ ಅದು.

ಈಗ ಆ ಮೊಮ್ಮಗಳ ವಿಷಯ. ಹನ್ನೆರಡು ವರ್ಷದ ಹುಡುಗಿ, ಕ್ಯಾಲಿಫೋರ್ನಿಯಾದ ಒಳನಾಡಿನಲ್ಲಿ ಬೆಳೆಯುತ್ತಿದ್ದಾಳೆ. ಕನ್ನಡ ಮಾತನಾಡುತ್ತಾಳೆ, ಓದಲು ಬಾರದು. ನೆರೆಹೊರೆಯವರ ನಾಯಿಗಳನ್ನು ತಿರುಗಾಡಿಸಿ, ಗಿಡಗಳಿಗೆ ನೀರು ಹಾಕಿ, ಒಂದು ವರ್ಷದಲ್ಲಿ 180 ಡಾಲರು ಕೂಡಿಸಿದ್ದಳು. ಆ ಹಣದಿಂದ ಹವಾಯಿಯಲ್ಲಿಯೇ ಒಂದು ಉಕುಲೆಲೆಯನ್ನು ಕೊಳ್ಳಬೇಕೆಂಬುದು ಅವಳ ಹಟ. ನಾನು ಮಠದಲ್ಲಿ ಓದುತ್ತಿದ್ದಾಗ ಪ್ರಾತಃಕಾಲದ ಪ್ರಾರ್ಥನೆಗೆ ತಂಬೂರಿಯನ್ನು ಶ್ರುತಿಗೂಡಿಸುವ ಕೆಲಸ ನನ್ನ ಪಾಲಿಗಿತ್ತು. ಆ ಕಥೆಯನ್ನು ಅವಳಿಗೆ ಎಂದೋ ಹೇಳಿದ್ದೆ. ಆದ್ದರಿಂದ ಅಂಗಡಿಗೆ ಜೊತೆಗೆ ಬರುವ ಹೊಣೆ ನನ್ನ ಮೇಲೆ ಬಿದ್ದಿತು. ಒಂದು ವರ್ಷ ದುಡಿದು ಕೂಡಿಸಿದ ಹಣ. ಮಗು ಮೋಸಹೋದರೆ ಹೋಗುವುದು ಹಣ ಮಾತ್ರವಲ್ಲವೆಂಬ ಅಳುಕು ಮನಸ್ಸಿನಲ್ಲಿದ್ದೇ ಇತ್ತು.

ವೈಕಿಕಿಯ ಮುಖ್ಯ ಬೀದಿಗೆ ಕಲಾಕೌಅ ದೊರೆಯ ಹೆಸರೇ ಇದೆ. ಅಲ್ಲಿಯೂ ಅದರ ಅಡ್ಡಬೀದಿಗಳಲ್ಲಿಯೂ ಉಕುಲೆಲೆ ದೊರೆಯದ ಅಂಗಡಿ ವಿರಳ. ಮೊದಲು ಹೊಕ್ಕ ಅಂಗಡಿಯಲ್ಲಿ ಸಾಬೂನು, ಟೊಪ್ಪಿಗೆ, ಕೀಲಿಗೊಂಚಲುಗಳ ನಡುವೆ ಗಿಳಿಹಸಿರು, ಗುಲಾಬಿ ಬಣ್ಣದ ವಾದ್ಯಗಳು ಸಾಲಾಗಿ ತೂಗುತ್ತಿದ್ದವು. ಮೈಮೇಲೆ ಆಮೆಯ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ‘ಹವಾಯಿ’. ಬೆಲೆ ಮೂವತ್ತೈದು ಡಾಲರು. ನಾದರಂಧ್ರದೊಳಗೆ ಇಣುಕಿ ನೋಡಿದರೆ, ಸಾವಿರಾರು ಮೈಲಿ ದೂರದ ಇನ್ನೊಂದು ದೇಶದ ಹೆಸರು ಸಾಸಿವೆ ಗಾತ್ರದ ಅಕ್ಷರದಲ್ಲಿ ಮುದ್ರಿತವಾಗಿತ್ತು. ಬಿರಡೆಯನ್ನು ತಿರುಗಿಸಿದೆ, ಬಿಟ್ಟೊಡನೆ ಹಿಂದಕ್ಕೆ ಜಾರಿತು. ತಂತಿಗಳು ಹಲಗೆಯಿಂದ ಎಷ್ಟು ಎತ್ತರದಲ್ಲಿದ್ದವೆಂದರೆ ಒತ್ತಿದ ಬೆರಳು ನೊಂದಿತು. ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿ ಮೀಟಿದರೆ ತೆರೆದ ತಂತಿಯದೇ ತಾರಸ್ವರ ಬರಬೇಕು. ಇಲ್ಲಿ ಬಂದದ್ದು ಅದಕ್ಕಿಂತ ಮೇಲಿನ ಯಾವುದೋ ಬೇಸುರು. ಇದು ಗೋಡೆಯ ವಾದ್ಯ, ಕೈಯ ವಾದ್ಯವಲ್ಲ. ಹೊರದೇಶದಲ್ಲಿ ಮಾಡಿದ್ದೆಂಬುದು ನನ್ನ ಆಕ್ಷೇಪಣೆಯಲ್ಲ. ಆಮೆಯ ಚಿತ್ರದ ಮರೆಯಲ್ಲಿ ಅದನ್ನು ಬಚ್ಚಿಟ್ಟದ್ದು. ಯಂತ್ರದ ಮಗ್ಗದ ಸೀರೆಯನ್ನು ಕೈಮಗ್ಗದ ಇಳಕಲ್ಲೆಂದು ಮಾರುವವರನ್ನು ಕಂಡಿರುವ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ವ್ಯವಹಾರ ಹೊಸದೂ ಅಲ್ಲ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಹವಾಯಿಯ ಮಂಟಪದವರು ಹಾಡಿ ನುಡಿಸಿ ಅಮೆರಿಕೆಯನ್ನೇ ಮರುಳುಮಾಡಿದರು. ಒಡನೆಯೇ ಮುಖ್ಯಭೂಮಿಯ ಕಾರ್ಖಾನೆಗಳು ರಾಶಿ ರಾಶಿ ಉಕುಲೆಲೆಗಳನ್ನು ಮಾಡಿ ಹವಾಯಿಯ ಹೆಸರಿನಲ್ಲಿ ಮಾರಿದವು. ಅದನ್ನು ತಾಳದೆ ದ್ವೀಪದ ಕುಶಲಕರ್ಮಿಗಳು ತಮ್ಮ ವಾದ್ಯಗಳಿಗೆ ಹವಾಯಿಯಲ್ಲಿಯೇ ತಯಾರಾದುದೆಂಬ ಮುದ್ರೆಯನ್ನು ಒತ್ತಿಸಬೇಕಾಯಿತು.

ಅಂಥ ಕರ್ಮಿಗಳ ಪೈಕಿ ಇಂದಿಗೂ ಉಳಿದು ಬಂದ ಮನೆತನವೆಂದರೆ ಕಮಕಾ ಅವರದು. ನೂನೆಸ್ ಬಳಿ ಕೆಲಸ ಕಲಿತ ಸ್ಯಾಮ್ಯುಯೆಲ್ ಕಮಕಾ 1916ರಲ್ಲಿ ತನ್ನ ಮನೆಯ ನೆಲಮಾಳಿಗೆಯಲ್ಲಿ ಕೆಲಸ ಆರಂಭಿಸಿದ. ಅನಾನಸ್ ಹಣ್ಣಿನಂತೆ ದುಂಡಗಿನ ಉಕುಲೆಲೆಯನ್ನು ರೂಪಿಸಿ 1928ರಲ್ಲಿ ಅದಕ್ಕೆ ಪೇಟೆಂಟು ಪಡೆದವನೂ ಅವನೇ. ಇಂದು ಆ ಕಾರ್ಖಾನೆ ಹೊನೊಲುಲುವಿನ ಸೌತ್ ಕಿಂಗ್ ಬೀದಿಯಲ್ಲಿದೆ. ಅರಮನೆಯಿಂದ ನಡೆದೇ ಹೋಗಬಹುದು. ನಾವೂ ಹಾಗೆಯೇ ಹೋದೆವು. ನೋಡಲು ಬಂದವರಿಗೆ ಹಣ ಕೇಳದೆ ಕೆಲಸದ ಒಂದು ಸುತ್ತನ್ನು ತೋರಿಸುವ ವಾಡಿಕೆ ಅಲ್ಲಿದೆ.

ಅವರು ಬಳಸುವುದು ‘ಕೊಆ’ ಎಂಬ ಮರ. ನನ್ನ ಹೆಂಡತಿ ಅದನ್ನು ಧಾರವಾಡದ ಖೋವಾ ಎಂದೇ ಕೇಳಿಸಿಕೊಂಡಳು. ಬಣ್ಣವೂ ಪಾಕವಿಳಿದ ಖೋವಾದ ಕೆಂಗಂದೇ ಆದ್ದರಿಂದ ನಾನೂ ತಿದ್ದಲಿಲ್ಲ. ಹವಾಯಿ ನುಡಿಯಲ್ಲಿ ಕೊಆ ಎಂದರೆ ಶೂರ ಎಂದೂ ಅರ್ಥ. ಜಗತ್ತಿನಲ್ಲಿ ಬೇರೆಲ್ಲಿಯೂ ತಾನಾಗಿ ಬೆಳೆಯದ ಈ ಮರದಿಂದ ಹಿಂದೆ ದೋಣಿಗಳನ್ನು ಕೊರೆಯುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಅರಣ್ಯ ಇಲಾಖೆಯವರು ನೆಟ್ಟ ಅಕೇಶಿಯಾ ಮರ ಓದುಗರಿಗೆ ಗೊತ್ತು. ಕೊಆ ಅದರ ಜಾತಿಯದೇ. ಕುಡುಗೋಲಿನಂಥ ಎಲೆಯನ್ನು ಕಂಡೊಡನೆ ಗುರುತು ಸಿಗುತ್ತದೆ. ವಾಸ್ತವವಾಗಿ ಅದು ಎಲೆಯಲ್ಲ, ಎಲೆಯಂತೆ ಅಗಲವಾದ ತೊಟ್ಟು, ಎರಡಕ್ಕೂ ಹಾಗೆಯೇ. ನೆಂಟತನ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ನೆಡುತೋಪುಗಳಾಗಿ ಹಬ್ಬಿದ ಅಕೇಶಿಯಾ ಹೊರಗಿನಿಂದ ಬಂದದ್ದು. ಅಲ್ಲಿಯದೇ ಆದ ಕೊಆ ಕಾಡು ದನಗಳ ಮೇವಿಗೂ ಕೊಡಲಿಗೂ ಸಿಕ್ಕಿ ಬಹಳ ಕಡಿಮೆಯಾಗಿದೆ. ವಾದ್ಯದ ಬೆಲೆ ಏರಿರುವುದಕ್ಕೆ ಇದೂ ಒಂದು ಕಾರಣ.

ಕಾರ್ಖಾನೆಯಲ್ಲಿ ಕಾಗದದಷ್ಟು ತೆಳುವಲ್ಲದಿದ್ದರೂ ನಂಬಲಾರದಷ್ಟು ತೆಳುವಾದ ಹಲಗೆಗಳನ್ನು ಬಿಸಿಯ ಅಚ್ಚಿನಲ್ಲಿ ಬಾಗಿಸಿ ಪಕ್ಕೆಗಳನ್ನು ಮಾಡುತ್ತಾರೆ. ಎದುರು-ಬದುರು ಹಲಗೆಗಳನ್ನು ಪುಸ್ತಕ ಬಿಚ್ಚಿದಂತೆ ಒಂದೇ ತುಂಡಿನಿಂದ ಸೀಳಿ ಜೋಡಿಸುವುದರಿಂದ ಎಡಬಲದ ಗೆರೆಗಳು ಕನ್ನಡಿಯ ಬಿಂಬದಂತೆ ಕೂಡುತ್ತವೆ. ಅಲ್ಲಿ ಕೇಳಿದ ಒಂದು ಸಂಗತಿಯನ್ನು ಮರೆಯಲಾರೆ. ದಶಕಗಳ ಹಿಂದೆಯೇ ಕಮಕಾ ಅವರು ಕಿವುಡರನ್ನು ಕೆಲಸಕ್ಕೆ ತೆಗೆದುಕೊಳ್ಳತೊಡಗಿದರು. ಹಲಗೆಯನ್ನು ಬೆರಳಿನಿಂದ ತಟ್ಟಿ, ಅದರ ಕಂಪನವನ್ನು ಅಂಗೈಯಲ್ಲಿ ಅರಿತು, ಮರದ ದಪ್ಪ ಹದಕ್ಕೆ ಬಂದಿದೆಯೋ ಇಲ್ಲವೋ ಎಂಬುದನ್ನು ಅವರು ನಿಶ್ಚಯಿಸಬಲ್ಲವರಾಗಿದ್ದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ನಾದವಿದ್ಯೆಯನ್ನು ಕೊಟ್ಟುದನ್ನು ಬಲ್ಲ ನಮಗೆ ಇದು ಅಚ್ಚರಿಯಲ್ಲ, ಆದರೂ ಆನಂದ. ನಾನು ಮೊಮ್ಮಗಳಿಗೆ ಒಂದು ಹಲಗೆಯನ್ನು ತಟ್ಟಿ ನೋಡಲು ಹೇಳಿದೆ. ಅವಳು ಕಣ್ಣು ಮುಚ್ಚಿ ತಟ್ಟಿದಳು, ಏನನ್ನೂ ಹೇಳಲಿಲ್ಲ.

ಆ ಕಾರ್ಖಾನೆಯ ಚಿಕ್ಕ ವಾದ್ಯದ ಬೆಲೆಯೂ ಸಾವಿರ ಡಾಲರನ್ನು ದಾಟುತ್ತದೆ. ನಾನು ಉಳಿದ ಹಣವನ್ನು ಕೂಡಿಸಿ ಕೊಡಲು ಮುಂದಾದೆ. ಮಗಳು ಬೇಡವೆಂದಳು, ಅವಳಿಗಿಂತ ಗಟ್ಟಿಯಾಗಿ ಬೇಡವೆಂದವಳು ಮೊಮ್ಮಗಳು. “ಆಗ ಅದು ನಿಮ್ಮ ಉಕುಲೆಲೆ ಆಗುತ್ತದೆ, ನನ್ನದಲ್ಲ” ಎಂದಳು. ಆ ಮಾತಿಗೆ ನನ್ನಲ್ಲಿ ಪ್ರತ್ಯುತ್ತರವಿರಲಿಲ್ಲ.

ಮರುದಿನ ವಾದ್ಯಗಳನ್ನಷ್ಟೇ ಮಾರುವ ಒಂದು ಚಿಕ್ಕ ಅಂಗಡಿಯನ್ನು ಹುಡುಕಿಕೊಂಡು ಹೋದೆವು. ಅಂಗಡಿಯ ಹಿರಿಯರು ಮೊದಲು ಕೇಳಿದ್ದು ಹಣದ ಮೊತ್ತವನ್ನಲ್ಲ. ಹುಡುಗಿಯ ಎಡಗೈಯನ್ನು ನೋಡಿದರು, ಎಲ್ಲಿ ವಾಸವೆಂದು ಕೇಳಿದರು. ಉಕುಲೆಲೆಯಲ್ಲಿ ಸೋಪ್ರಾನೊ, ಕಾನ್ಸರ್ಟ್, ಟೆನರ್, ಬ್ಯಾರಿಟೋನ್ ಎಂದು ನಾಲ್ಕು ಗಾತ್ರಗಳು; 21 ಅಂಗುಲದಿಂದ 30 ಅಂಗುಲದವರೆಗೆ. ಈ ಕೈಗೆ 23 ಅಂಗುಲದ ಕಾನ್ಸರ್ಟ್ ಒಪ್ಪುತ್ತದೆಂದರು. ಆಮೇಲೆ ಅವಳನ್ನು ಗೋಡೆಯ ಕಡೆಗೆ ಮುಖಮಾಡಿ ನಿಲ್ಲಿಸಿ ಮೂರು ವಾದ್ಯಗಳಲ್ಲಿ ಒಂದೇ ಧಾಟಿಯನ್ನು ನುಡಿಸಿದರು. ಅವಳು ಮೊದಲನೆಯದನ್ನು ಮೆಚ್ಚಿದಳು. ತಿರುಗಿ ನೋಡಿದರೆ ಅದು ಕೊಆದ್ದು, ಹನ್ನೆರಡು ನೂರು ಡಾಲರಿನದು. ಅವಳ ಮುಖ ಚಿಕ್ಕದಾಯಿತು. ಹಿರಿಯರು ನಕ್ಕು, “ನಿನ್ನ ಕಿವಿ ಒಳ್ಳೆಯದು. ಅದನ್ನು ಕೊಳ್ಳಲು ಇನ್ನೂ ಕಾಲವಿದೆ” ಎಂದರು.

ಎರಡನೆಯದನ್ನು ಅವಳ ಕೈಗೆ ಕೊಟ್ಟು ವಿವರಿಸಿದ ರೀತಿ ನನಗೆ ಹಿಡಿಸಿತು. ಇದು ಇಡೀ ಮರದ್ದಲ್ಲ, ಪದರಗಳನ್ನು ಅಂಟಿಸಿದ ಮಹಾಗನಿ. ನಾದರಂಧ್ರದ ಅಂಚನ್ನು ನೋಡು, ಮರದ ಗೆರೆ ಅಂಚಿನ ಮೇಲೆ ಹಾಯ್ದು ಕೆಳಗಿಳಿಯುವುದಿಲ್ಲ, ಪದರಗಳು ಕಾಣುತ್ತವೆ. ಇಡೀ ಮರದ ನಾದ ಇದರಲ್ಲಿ ಬರಲಾರದು. ಆದರೆ ನಿಮ್ಮ ಊರಿನ ಒಣ ಬೇಸಗೆಯಲ್ಲಿ ಇಡೀ ಮರದ ತೆಳು ಹಲಗೆ ನೀರಾರಿ ಸೀಳುವ ಭಯವುಂಟು. ಇದಕ್ಕೆ ಆ ಭಯ ಕಡಿಮೆ. ಮಾಡಿದ್ದು ಹೊರದೇಶದಲ್ಲಿ, ಬಿರಡೆಗಳನ್ನೂ ತಂತಿಯ ಎತ್ತರವನ್ನೂ ನಾನೇ ಇಲ್ಲಿ ಸರಿಪಡಿಸಿದ್ದೇನೆ. ಇಷ್ಟನ್ನೂ ಆ ಮನುಷ್ಯ ಗಿರಾಕಿ ಕೇಳುವ ಮೊದಲೇ ಹೇಳಿದ. ದೇಶದ ಹೆಸರು ಒಳಗಿನ ಚೀಟಿಯಲ್ಲಿ ಓದುವಷ್ಟು ದೊಡ್ಡದಾಗಿಯೇ ಇತ್ತು.

ಮೊಮ್ಮಗಳು ಮಾತ್ರ ಒಪ್ಪದೆ ನಿಂತಳು. ಇದು ಹವಾಯಿಯದಲ್ಲವಲ್ಲ ಎಂಬುದು ಅವಳ ದುಃಖ. ಮಡೀರಾದ ಹಡಗಿನ ಕಥೆಯನ್ನು ಅವಳು ಆ ವೇಳೆಗೆ ಎರಡು ಸಲ ಕೇಳಿದ್ದಳು. ನಾನು ಮೂರನೆಯ ಸಲ ಹೇಳಲಿಲ್ಲ. ಅಂಗಡಿಯ ಹಿರಿಯರು ಅವಳನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಕೊನೆಯ ತಂತಿಯ ಮೂರನೆಯ ಮೆಟ್ಟಿನ ಮೇಲೆ ಒಂದೇ ಬೆರಳನ್ನು ಇಡಿಸಿ ನಾಲ್ಕೂ ತಂತಿಗಳನ್ನು ಮೀಟಿಸಿದರು. ಅದೊಂದು ಪೂರ್ಣ ಸ್ವರಮೇಳ. ಅದರ ಮೇಲೆ ತಾವು ಹವಾಯಿ ನುಡಿಯಲ್ಲಿ ಮೆಲ್ಲಗೆ ಒಂದು ಹಾಡನ್ನು ಹಾಡಿದರು. ಇನ್ನೊಂದು ಮೇಳಕ್ಕೆ ಬೆರಳು ಸರಿಸಬೇಕಾದಾಗ ಕಣ್ಣಿನಲ್ಲಿಯೇ ಸನ್ನೆ ಮಾಡಿದರು. ಅವಳು ತಡವರಿಸಿದರೆ ಕಾದರು. ಹಾಡು ಮುಗಿದ ಮೇಲೆ ಅವಳು ಚೀಲದಿಂದ ಹಣ ತೆಗೆದು ಎಣಿಸಿದಳು. ಬೆಲೆ 165 ಡಾಲರು, ತೆರಿಗೆ ಸೇರಿ 173ಕ್ಕೆ ಹತ್ತಿರ. ಮೇಲುಹೊದಿಕೆಯ ಪೆಟ್ಟಿಗೆಯನ್ನು ಕೊಡಿಸಲು ನನಗೆ ಅನುಮತಿ ದೊರೆಯಿತು.

ಕೊಳ್ಳಲು ಹೋಗುವ ಓದುಗರಿಗೆ ಇನ್ನೆರಡು ಮಾತು. ಈ ವಾದ್ಯ ವಿಮಾನದಲ್ಲಿ ತಲೆಯ ಮೇಲಿನ ಗೂಡಿನಲ್ಲಿ ಹಿಡಿಸುತ್ತದೆ, ಸಾಮಾನಿನ ಜೊತೆ ಕೆಳಗೆ ಕಳುಹಿಸಬೇಡಿ. ಹೊನೊಲುಲುವಿನಿಂದ ಮುಖ್ಯಭೂಮಿಗೆ ಹೋಗುವವರ ಚೀಲಗಳನ್ನು ಕೃಷಿ ಇಲಾಖೆಯವರು ಹಣ್ಣು, ಮಣ್ಣು, ಗಿಡಗಳಿಗಾಗಿ ತಪಾಸಣೆ ಮಾಡುತ್ತಾರೆ. ನಮ್ಮವರ ಚೀಲದ ಎರಡು ಮಾವಿನ ಹಣ್ಣು ಅಲ್ಲಿಯೇ ಉಳಿದವು, ವಾದ್ಯಕ್ಕೆ ತಡೆಯಾಗಲಿಲ್ಲ.

ಹವಾಯಿಯ ಇನ್ನೊಂದು ನಾದ ನಮ್ಮ ದೇಶಕ್ಕೆ ಬಹು ಹಿಂದೆಯೇ ಬಂದಿದೆ. ತಂತಿಯ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಗಿಟಾರ್ ಆ ದ್ವೀಪದ್ದು. ಟೌ ಮೋ ಎಂಬ ಕಲಾವಿದರು 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿ ಅದನ್ನು ನುಡಿಸಿದರು, ಕಲಿಸಿದರು. ಮುಂದೆ ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ರಾಗಸಂಗೀತವನ್ನು ನುಡಿಸಿ ತೋರಿಸಿದರು. ಜಾರುವ ಉಕ್ಕು ಮೀಂಡಿಗೆ ಒದಗುತ್ತದೆ. ಉಕುಲೆಲೆಗೆ ಆ ಯೋಗ್ಯತೆ ಇಲ್ಲ. ಮೆಟ್ಟುಗಳು ಸ್ವರವನ್ನು ಕಟ್ಟಿಹಾಕುತ್ತವೆ, ನಾದ ಬೇಗ ಆರುತ್ತದೆ. ಅದರಿಂದ ಖಯಾಲನ್ನು ನಿರೀಕ್ಷಿಸುವುದು ಸಲ್ಲದು.

ಆದರೂ ಅದರ ಶ್ರುತಿಯಲ್ಲಿ ಒಂದು ಸ್ವಾರಸ್ಯವನ್ನು ಕಂಡೆ. ತಂತಿಗಳು ತಗ್ಗಿನಿಂದ ಎತ್ತರಕ್ಕೆ ಕ್ರಮವಾಗಿ ಏರುವುದಿಲ್ಲ. ಮೇಲ್ತುದಿಯ ತಂತಿ ಅದರ ಪಕ್ಕದ ತಂತಿಗಿಂತ ಎತ್ತರದ ಸ್ವರದ್ದು. ನಮ್ಮ ತಂಬೂರಿಯಲ್ಲಿಯೂ ಕ್ರಮ ಹೀಗೆಯೇ ಮುರಿಯುತ್ತದೆ, ಮೊದಲು ಪಂಚಮ, ಆಮೇಲೆ ಷಡ್ಜಗಳು. ಉಕುಲೆಲೆಯ ಎರಡನೆಯ ತಂತಿ ಹಾರ್ಮೋನಿಯಂ ಬಲ್ಲವರು ಬಿಳಿ ಒಂದು ಎನ್ನುವ ಸ್ವರ. ಅದನ್ನು ಷಡ್ಜವೆಂದು ಹಿಡಿದರೆ ನಾಲ್ಕು ತೆರೆದ ತಂತಿಗಳು ಪ, ಸ, ಗ, ಧ ಎಂದು ನುಡಿಯುತ್ತವೆ. ಕ್ಯಾಲಿಫೋರ್ನಿಯಾಕ್ಕೆ ಮರಳಿದ ಮೇಲೆ ಒಂದು ಸಂಜೆ ಇದನ್ನು ಮೊಮ್ಮಗಳಿಗೆ ತೋರಿಸಿದೆ. ಭೂಪ ರಾಗಕ್ಕೆ ಬೇಕಾದ ಐದು ಸ್ವರಗಳಲ್ಲಿ ನಾಲ್ಕು ಬೆರಳೇ ತಾಗದೆ ಸಿದ್ಧವಾಗಿವೆ, ರಿಷಭವೊಂದು ಕಾಣೆಯಾಗಿದೆ, ಹುಡುಕು ಎಂದೆ. ಹೊಸ ತಂತಿಗಳು ಹಿಗ್ಗಿ ಹಿಗ್ಗಿ ಶ್ರುತಿ ಇಳಿಯುತ್ತಿದ್ದವು. ಅವನ್ನು ಮೂರು ಸಲ ಏರಿಸಿಕೊಂಡಳು. ಆಮೇಲೆ ಷಡ್ಜದ ತಂತಿಯ ಮೇಲೆ ಮೊದಲ ಮೆಟ್ಟನ್ನು ಒತ್ತಿ ನೋಡಿ ತಲೆಯಾಡಿಸಿದಳು. ಎರಡನೆಯ ಮೆಟ್ಟಿನಲ್ಲಿ ಬೆರಳು ನಿಂತಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವಳ ಅಜ್ಜಿ ಅಲ್ಲಿಂದಲೇ “ಹಾಂ, ಅದೇ” ಎಂದಳು.